ಬೆಂಗಾಡಿನ ಅರಸರ ಚರಿತ್ರೆ: ಮರಳಿನಿಂದ ಆರಂಭಿಸಬೇಕೋ, ನೀರಿನಿಂದಲೋ?

ಬೆಂಗಾಡು:

ಎಲ್ಲರಿಗೂ ನಮಸ್ಕಾರ. ಎರಡು ವರ್ಷಗಳಿಂದ ನಾನು ಒಂದು ಕಲ್ಪಿತ ಮರಳುಗಾಡಿನ ರಾಜ್ಯದ ಕತೆಯನ್ನು ಬರೆಯುತ್ತಿದ್ದೇನೆ. ಅದಕ್ಕೆ ಉಸುಬನಾಡು ಎಂದು ಹೆಸರಿಟ್ಟಿದ್ದೇನೆ. ಕತೆಗೆ ಮೊದಲು ಆ ನಾಡಿನ ಮುನ್ನೂರು ವರ್ಷಗಳ ಚರಿತ್ರೆಯನ್ನೂ ಜನರ ರೀತಿನೀತಿಗಳನ್ನೂ ಬರೆದಿಟ್ಟುಕೊಂಡರೆ ಮುಂದೆ ಎಡವುವುದಿಲ್ಲ ಎಂದುಕೊಂಡು ಒಂದು ಕರಡನ್ನು ಸಿದ್ಧಪಡಿಸಿದ್ದೇನೆ. ಅದರ ಸಾರ ಇಷ್ಟು. ಮರಳಿನ ನಡುವೆ ಒಂದು ದೊಡ್ಡ ಓಯಸಿಸ್ ಇದೆ. ಅದರ ದಂಡೆಯಲ್ಲಿ ಒಂದು ಲಕ್ಷ ಜನರ ರಾಜಧಾನಿ, ಬಂಗಾರದ ಗೋಪುರಗಳ ಅರಮನೆ, 80,000 ಕುದುರೆ ಸವಾರರ ಸೇನೆ ಇವೆ. ಜನರು ಸೂರ್ಯನನ್ನು ಪೂಜಿಸುತ್ತಾರೆ. ಮಿತಭಾಷಿಗಳು, ಕಠಿಣ ಸ್ವಭಾವದವರು, ಸೇಡನ್ನು ಮರೆಯದವರು. ಕೊನೆಗೆ ಉತ್ತರದಿಂದ ಬಂದ ಒಂದು ಸಾಮ್ರಾಜ್ಯದ ಸೇನೆಯೊಂದಿಗೆ ಮಹಾಯುದ್ಧ ನಡೆದು ರಾಜ್ಯ ನಾಶವಾಗುತ್ತದೆ. ಇದು ನಂಬುವಂತಿದೆಯೇ? ದಾಕ್ಷಿಣ್ಯವಿಲ್ಲದೆ ಹೇಳಿ.

ನೀರುಗಂಟಿ:

ದಾಕ್ಷಿಣ್ಯ ಬೇಡವೆಂದು ನೀವೇ ಹೇಳಿದ್ದರಿಂದ ಲೆಕ್ಕದಿಂದಲೇ ಆರಂಭಿಸುತ್ತೇನೆ. ನನ್ನ ಕೆಲಸವೆಲ್ಲ ಕೆರೆ, ಕಾಲುವೆ, ತೂಬುಗಳ ಸುತ್ತಲೇ ಕಳೆದಿದೆ; ಆದ್ದರಿಂದ ಅರಮನೆಗಿಂತ ಮೊದಲು ಅದರ ಹಿಂದಿನ ಬಾವಿಯ ಕಡೆಗೆ ನನ್ನ ಕಣ್ಣು ಹೋಗುತ್ತದೆ. ಒಂದು ಕುದುರೆಗೆ ದಿನಕ್ಕೆ ಕಡಿಮೆಯೆಂದರೂ 30 ಲೀಟರ್ ನೀರು ಬೇಕು, ಬಿಸಿಲಿನಲ್ಲಿ ದುಡಿದರೆ ಅದಕ್ಕಿಂತಲೂ ಹೆಚ್ಚು. ನಿಮ್ಮ 80,000 ಕುದುರೆಗಳು ದಿನಕ್ಕೆ 24 ಲಕ್ಷ ಲೀಟರ್ ಕುಡಿಯುತ್ತವೆ. ಮೇವಿನ ಮಾತು ಬೇರೆಯೇ ಉಳಿಯಿತು. ಮರಳುಗಾಡಿನ ಅರಸನಿಗೆ ಇಷ್ಟು ಕುದುರೆಗಳಿದ್ದರೆ ಅವನ ರಾಜ್ಯವನ್ನು ಉತ್ತರದ ಸಾಮ್ರಾಜ್ಯ ನಾಶ ಮಾಡಬೇಕಾಗಿಲ್ಲ, ಕುದುರೆಗಳೇ ಒಂದು ಬೇಸಿಗೆಯಲ್ಲಿ ಅದನ್ನು ಮುಗಿಸುತ್ತವೆ.

ಲೆಕ್ಕ ತಪ್ಪಿದೆ ಎಂಬುದು ದೊಡ್ಡ ದೋಷವಲ್ಲ, ಅದನ್ನು ತಿದ್ದಬಹುದು. ನನಗೆ ಕೊರತೆಯಾಗಿ ಕಂಡದ್ದು ಬೇರೆ. ನಿಮ್ಮ ಓಯಸಿಸ್ ಎಲ್ಲರ ಕಣ್ಣಿಗೆ ಕಾಣುತ್ತದೆ, ಯಾರು ಬೇಕಾದರೂ ಬಂದು ನೀರು ಕುಡಿಯಬಹುದು. ನಿಜವಾದ ಮರಳುಗಾಡಿನ ರಾಜ್ಯಗಳು ಬಲಿಷ್ಠವಾದದ್ದು ಕಾಣದ ನೀರಿನಿಂದ. ಇಂದಿನ ಜೋರ್ಡಾನ್ ದೇಶದ ಪೆಟ್ರಾವನ್ನು ಕೇಂದ್ರವಾಗಿಸಿಕೊಂಡಿದ್ದ ನಬಾತಿಯರನ್ನು ನೋಡಿ. ಗ್ರೀಕ್ ಇತಿಹಾಸಕಾರ ಡಿಯೊಡೋರಸ್ ಹೇಳುವಂತೆ ಅವರು ಜೇಡಿ ಅಥವಾ ಮೆದುಗಲ್ಲಿನ ನೆಲದಲ್ಲಿ ಹಗೇವಿನ ಹಾಗೆ ಕೊಳಗಳನ್ನು ತೋಡುತ್ತಿದ್ದರು. ಅವುಗಳ ಬಾಯಿ ತೀರ ಚಿಕ್ಕದು, ಆಳಕ್ಕೆ ಹೋದಂತೆ ಅಗಲವಾಗುತ್ತ ಕೆಳಗೆ ಒಂದೊಂದು ಪಕ್ಕವೂ ಸುಮಾರು 30 ಮೀಟರ್. ಮಳೆನೀರು ತುಂಬಿದ ಮೇಲೆ ಬಾಯಿಯನ್ನು ಮುಚ್ಚಿ ನೆಲಕ್ಕೆ ಸಮ ಮಾಡಿ, ತಮಗೆ ಮಾತ್ರ ತಿಳಿಯುವ ಗುರುತುಗಳನ್ನು ಬಿಡುತ್ತಿದ್ದರು.

ಇದರ ಪರಿಣಾಮ ಯುದ್ಧದಲ್ಲಿ ಹೇಗೆ ಕಾಣುತ್ತದೆಂಬುದಕ್ಕೆ ಕ್ರಿ.ಪೂ. 312ರ ಘಟನೆಯೇ ಸಾಕು. ಅಲೆಕ್ಸಾಂಡರನ ಸೇನಾನಿಗಳಲ್ಲಿ ಒಬ್ಬನಾಗಿದ್ದ ಆಂಟಿಗೋನಸ್ 4,000 ಕಾಲಾಳುಗಳನ್ನೂ 600 ಸವಾರರನ್ನೂ ಕಳುಹಿಸಿದನು. ನಬಾತಿಯ ಗಂಡಸರು ಒಂದು ಸಂತೆಗೆ ಹೋಗಿದ್ದ ಸಮಯವನ್ನು ನೋಡಿಕೊಂಡು ಆ ಪಡೆ ಅವರ ಬಂಡೆಕೋಟೆಗೆ ನುಗ್ಗಿ ಧೂಪ, ರಕ್ತಬೋಳ ಮತ್ತು 500 ಟ್ಯಾಲೆಂಟ್ ತೂಕದ ಬೆಳ್ಳಿಯನ್ನು ದೋಚಿಕೊಂಡು ಹೊರಟಿತು. ನಬಾತಿಯರು ಬೆನ್ನಟ್ಟಿ, ದಣಿದು ಮಲಗಿದ್ದ ಪಾಳೆಯದ ಮೇಲೆ ರಾತ್ರಿ ಎರಗಿದರು. ತಪ್ಪಿಸಿಕೊಂಡವರು ಸುಮಾರು 50 ಸವಾರರು ಮಾತ್ರ. ಅಲ್ಲಿ ಗೆದ್ದದ್ದು ನೆಲದ ಪರಿಚಯ, ಸೇನೆಯ ಗಾತ್ರವಲ್ಲ.

ಕಲ್ಲೋದುಗ:

ನೀರುಗಂಟಿಯವರು ಎತ್ತಿದ ಉದಾಹರಣೆಯನ್ನೇ ಮುಂದುವರಿಸುತ್ತೇನೆ, ಏಕೆಂದರೆ ಬೆಂಗಾಡು ಅವರ ಕರಡಿನಲ್ಲಿ ನನಗೆ ಅತಿ ಹೆಚ್ಚು ಚುಚ್ಚಿದ್ದು 'ಜನರು ಕಠಿಣ ಸ್ವಭಾವದವರು' ಎಂಬ ಒಂದೇ ವಾಕ್ಯ. ಮುನ್ನೂರು ವರ್ಷಗಳ ಉದ್ದಕ್ಕೂ ಒಂದೇ ಸ್ವಭಾವದಲ್ಲಿ ಉಳಿದ ಜನರನ್ನು ನಾನು ಯಾವ ಶಾಸನದಲ್ಲೂ ಕಂಡಿಲ್ಲ.

ಅದೇ ಡಿಯೊಡೋರಸ್ ಕ್ರಿ.ಪೂ. ನಾಲ್ಕನೆಯ ಶತಮಾನದ ನಬಾತಿಯರಿಗೆ ಒಂದು ವಿಚಿತ್ರವಾದ ಕಟ್ಟಳೆಯಿತ್ತೆಂದು ಹೇಳುತ್ತಾನೆ. ಧಾನ್ಯ ಬಿತ್ತಬಾರದು, ಹಣ್ಣಿನ ಗಿಡ ನೆಡಬಾರದು, ದ್ರಾಕ್ಷಾರಸ ಕುಡಿಯಬಾರದು, ಮನೆ ಕಟ್ಟಬಾರದು, ತಪ್ಪಿದರೆ ಮರಣದಂಡನೆ. ಕಾರಣವನ್ನೂ ಅವನು ಕೊಡುತ್ತಾನೆ: ಹೊಲಮನೆಗಳಿದ್ದವನನ್ನು ಬಲಿಷ್ಠನಾದವನು ಸುಲಭವಾಗಿ ಅಡಿಯಾಳಾಗಿಸಿಕೊಳ್ಳುತ್ತಾನೆ ಎಂಬುದು ಅವರ ಎಣಿಕೆ. ಇನ್ನು ಸುಮಾರು ಮುನ್ನೂರು ವರ್ಷಗಳ ಬಳಿಕ ಬರೆದ ಗ್ರೀಕ್ ಭೂಗೋಳಕಾರ ಸ್ಟ್ರಾಬೊ ಏನು ಹೇಳುತ್ತಾನೆ ನೋಡಿ. ಅದೇ ಜನರು ಕಲ್ಲಿನ ಬೆಲೆಬಾಳುವ ಮನೆಗಳಲ್ಲಿದ್ದಾರೆ, ತೋಟಗಳಿವೆ, 13 ಜನರ ಪಂಕ್ತಿ ಮಾಡಿ ಔತಣ ನಡೆಸುತ್ತಾರೆ, ಪ್ರತಿ ಪಂಕ್ತಿಗೂ ಇಬ್ಬರು ಗಾಯಕಿಯರು, ಯಾರೂ 11 ಬಟ್ಟಲುಗಳಿಗಿಂತ ಹೆಚ್ಚು ಕುಡಿಯುವುದಿಲ್ಲ. ಆಳುಗಳು ಕಡಿಮೆ ಇರುವುದರಿಂದ ನೆಂಟರೇ ಒಬ್ಬರಿಗೊಬ್ಬರು ಬಡಿಸುತ್ತಾರೆ, ಅರಸನೂ ಎದ್ದು ಬಡಿಸುತ್ತಾನೆ, ಅನೇಕ ವೇಳೆ ಜನರ ಸಭೆಯಲ್ಲಿ ತನ್ನ ಆಡಳಿತದ ಲೆಕ್ಕವನ್ನೂ ಒಪ್ಪಿಸುತ್ತಾನೆ. ಆಸ್ತಿ ಬೆಳೆಸಿದವನಿಗೆ ಗೌರವ, ಕರಗಿಸಿದವನಿಗೆ ದಂಡ. ಪೆಟ್ರಾದಲ್ಲಿ ವಾಸವಾಗಿದ್ದ ಸ್ಟ್ರಾಬೊನ ಗೆಳೆಯ ಅಥೆನೊಡೋರಸನಿಗೆ ಆಶ್ಚರ್ಯ ತಂದ ಸಂಗತಿಯೆಂದರೆ, ನ್ಯಾಯಾಲಯದಲ್ಲಿ ಜಗಳವಾಡುತ್ತಿದ್ದವರೆಲ್ಲ ಪರದೇಶದವರು, ಊರಿನವರಲ್ಲ.

ಮನೆ ಕಟ್ಟಿದವನ ತಲೆ ತೆಗೆಯುತ್ತಿದ್ದ ಜನರ ಮೊಮ್ಮಕ್ಕಳ ಮೊಮ್ಮಕ್ಕಳು ಬಂಡೆಯನ್ನೇ ಕೊರೆದು ಪೆಟ್ರಾದಲ್ಲಿ ಖಜ್ನೆ ಎಂಬ ಸುಮಾರು 40 ಮೀಟರ್ ಎತ್ತರದ ಕಟ್ಟಡವನ್ನು ನಿಲ್ಲಿಸಿದರು. ಈ ಎರಡು ಚಿತ್ರಗಳ ನಡುವಿನ ದಾರಿಯೇ ಆ ರಾಜ್ಯದ ಚರಿತ್ರೆ. ಉಸುಬನಾಡಿನಲ್ಲಿ ಮೊದಲ ಮನೆಯನ್ನು ಕಟ್ಟಿದವನಿಗೆ ಹಿರಿಯರು ಏನು ಮಾಡಿದರು ಎಂದು ನೀವು ಒಂದು ಪುಟ ಬರೆದರೂ ಬಂಗಾರದ ಗೋಪುರಗಳ ಹತ್ತು ಪುಟಗಳಿಗಿಂತ ಅದು ಮೇಲು.

ಬೆಂಗಾಡು:

ಇಬ್ಬರಿಗೂ ಕೃತಜ್ಞತೆಗಳು. ಕುದುರೆಗಳ ಲೆಕ್ಕ ಓದಿ ನನಗೇ ನಗು ಬಂತು. ಸೇನೆಯನ್ನು ಒಂಟೆಗಳಿಗೆ ಇಳಿಸಿ, ಅರಸನ ಲಾಯದಲ್ಲಿ ಮಾತ್ರ ನಲವತ್ತು ಕುದುರೆಗಳನ್ನು ಉಳಿಸಿಕೊಳ್ಳುತ್ತೇನೆ. ಮನೆ ಕಟ್ಟಬಾರದೆಂಬ ಕಟ್ಟಳೆಯ ವಿಷಯ ನನಗೆ ಹೊಸದು. ಎರಡು ಪ್ರಶ್ನೆಗಳಿವೆ. ಬೆಳೆಯೇ ಇಲ್ಲದ ನಾಡಿಗೆ ಬಂಗಾರ ಬರುವುದೆಲ್ಲಿಂದ? ಸೂರ್ಯಪೂಜೆಯನ್ನು ಉಳಿಸಿಕೊಳ್ಳಬಹುದೇ?

ಕುರುಂಜಿಗಾಳಿ:

ನಾನು ಕೆಲವು ವರ್ಷ ಓಮಾನಿನ ದಕ್ಷಿಣದ ತುದಿಯಾದ ಧೋಫಾರ್‌ನಲ್ಲಿ ನೆಲೆಸಿದ್ದೆ, ಆದ್ದರಿಂದ ಮೊದಲ ಪ್ರಶ್ನೆಗೆ ಉತ್ತರಿಸುವ ಆಸೆ. ಜೂನ್ ತಿಂಗಳಲ್ಲಿ ನಮ್ಮ ಕರಾವಳಿಗೆ ಮಳೆ ತರುವ ಅದೇ ನೈಋತ್ಯ ಮಾರುತ ಅಲ್ಲಿನ ಬೆಟ್ಟಗಳ ಒಂದು ಮಗ್ಗುಲನ್ನು ಮಂಜಿನಿಂದ ತೋಯಿಸುತ್ತದೆ. ಅಲ್ಲಿಯವರು ಅದನ್ನು ಖರೀಫ್ ಎನ್ನುತ್ತಾರೆ. ಬೆಟ್ಟದ ಮಂಜಿನ ಮಗ್ಗುಲು ಹಸಿರಾದರೆ ಆಚೆಯ ಒಣ ಮಗ್ಗುಲಿನಲ್ಲಿ ಧೂಪದ ಮರಗಳು ಬೆಳೆಯುತ್ತವೆ. ತೊಗಟೆಯನ್ನು ಕೆತ್ತಿದರೆ ಹಾಲಿನಂತೆ ಒಸರುವ ಅಂಟು ಗಾಳಿಗೆ ಒಣಗಿ ಹನಿಗಳಾಗಿ ಗಟ್ಟಿಯಾಗುತ್ತದೆ; ಮೊದಲ ಕೆತ್ತಿಗೆಯದಕ್ಕಿಂತ ಆಮೇಲಿನದು ಹೆಚ್ಚು ಬೆಲೆಬಾಳುತ್ತದೆ. ರೋಮಿನ ದೇವಾಲಯಗಳಿಗೂ ಶವಸಂಸ್ಕಾರಗಳಿಗೂ ಇದಿಲ್ಲದೆ ನಡೆಯುತ್ತಿರಲಿಲ್ಲ.

ನಬಾತಿಯರು ಈ ಧೂಪವನ್ನು ಬೆಳೆದವರಲ್ಲ, ಸುಟ್ಟವರಲ್ಲಿ ಮುಖ್ಯರೂ ಅಲ್ಲ. ಅವರ ಸಿರಿವಂತಿಕೆಯೆಲ್ಲ ನಡುವಿನ ದಾರಿಯದು. ರೋಮನ್ ಬರಹಗಾರ ಪ್ಲಿನಿ ಕೊಡುವ ವಿವರವನ್ನು ಕತೆಗಾರರೆಲ್ಲ ಒಮ್ಮೆ ಓದಬೇಕು. ದಕ್ಷಿಣ ಅರೇಬಿಯದ ತೊಮ್ನಾದಿಂದ ಮೆಡಿಟರೇನಿಯನ್ ದಂಡೆಯ ಗಾಜಾದವರೆಗೆ ಒಂಟೆಗಳ 65 ತಂಗುದಾಣಗಳು. ಧೂಪವೆಲ್ಲ ಮೊದಲು ಶಬ್ವಾ ನಗರಕ್ಕೆ ಒಂದೇ ಬಾಗಿಲಿನಿಂದ ಒಳಬರಬೇಕು. ಹೆದ್ದಾರಿಯಿಂದ ಪಕ್ಕಕ್ಕೆ ಸರಿದರೆ ಮರಣದಂಡನೆ. ಅಲ್ಲಿ ಪೂಜಾರಿಗಳು ಸಾಬಿಸ್ ದೇವರ ಹೆಸರಿನಲ್ಲಿ ಹತ್ತರಲ್ಲಿ ಒಂದು ಪಾಲನ್ನು ತೂಕದಿಂದಲ್ಲದೆ ಅಳತೆಯಿಂದ ತೆಗೆದುಕೊಳ್ಳುತ್ತಾರೆ, ಅದಕ್ಕೆ ಮೊದಲು ಮಾರುವಂತಿಲ್ಲ. ಮುಂದೆ ಅರಸನ ಲೇಖಕರಿಗೆ, ಕಾವಲಿನವರಿಗೆ, ಬಾಗಿಲು ಕಾಯುವವರಿಗೆ, ಒಂದು ಕಡೆ ನೀರಿಗೆ, ಇನ್ನೊಂದು ಕಡೆ ಮೇವಿಗೆ, ಮತ್ತೊಂದು ಕಡೆ ತಂಗುವುದಕ್ಕೆ ಕೊಡುತ್ತ ಕೊಡುತ್ತ ಕಡಲು ಮುಟ್ಟುವ ಹೊತ್ತಿಗೆ ಒಂದು ಒಂಟೆಯ ಖರ್ಚು 688 ದಿನಾರಿ (ರೋಮನ್ ಬೆಳ್ಳಿ ನಾಣ್ಯ) ಆಗುತ್ತಿತ್ತಂತೆ. ನಿಮ್ಮ ಬಂಗಾರ ಬರುವುದು ಇಲ್ಲಿಂದ. ಉಸುಬನಾಡು ಯಾವ ಎರಡು ನಾಡುಗಳ ನಡುವೆ ಇದೆ, ಒಂದರ ಬಳಿ ಇರುವ ಯಾವ ವಸ್ತುವಿಗಾಗಿ ಇನ್ನೊಂದು ಹಾತೊರೆಯುತ್ತದೆ ಎಂಬುದನ್ನು ಮೊದಲು ತೀರ್ಮಾನಿಸಿ.

ಸೂರ್ಯಪೂಜೆಯ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಖಾರವಾಗಿದೆ. ನಲವತ್ತೈದು ಡಿಗ್ರಿ ಬಿಸಿಲಿನಲ್ಲಿ ಬದುಕಿದವರು ಸೂರ್ಯನನ್ನು ಪ್ರೀತಿಯಿಂದ ಕರೆಯುವುದನ್ನು ನಾನು ಕೇಳಿಲ್ಲ. ಸೂರ್ಯದೇವತೆ ಅರೇಬಿಯದಲ್ಲಿ ಇರಲಿಲ್ಲವೆಂದಲ್ಲ, ಇತ್ತು. ಆದರೆ ನಬಾತಿಯರ ದೊಡ್ಡ ದೇವರು ದುಶರಾ, ಎಂದರೆ ಶರಾ ಬೆಟ್ಟಗಳ ಒಡೆಯ. ಮಳೆನೀರು ಇಳಿದು ಬರುವುದು ಆ ಬೆಟ್ಟಸಾಲಿನಿಂದಲೇ ಅಲ್ಲವೇ? ಜೊತೆಗೆ ಅಲ್-ಉಜ್ಜಾ, ಅಲ್ಲಾತ್, ಮನಾತ್ ಎಂಬ ದೇವಿಯರಿದ್ದರು. ಮೂರ್ತಿಯ ಬದಲು ಕೆತ್ತದ ಅಥವಾ ಚಚ್ಚೌಕವಾಗಿ ಕತ್ತರಿಸಿದ ಕಲ್ಲನ್ನು ನಿಲ್ಲಿಸುತ್ತಿದ್ದರು. ಕೆಲವಕ್ಕೆ ಎರಡು ಚೌಕ ಕಣ್ಣುಗಳು, ಒಂದು ಮೂಗಿನ ಗೆರೆ, ಅಷ್ಟೆ. ನಮ್ಮೂರ ಹೊಲದ ಬದುವಿನ ದೇವರ ಕಲ್ಲನ್ನು ಕಂಡವರಿಗೆ ಇದು ಅಪರಿಚಿತವೆನಿಸದು. ಹಾಗೆಂದು ಎರಡಕ್ಕೂ ಸಂಬಂಧ ಕಟ್ಟುವ ಸಾಹಸಕ್ಕೆ ನಾನು ಇಳಿಯುವುದಿಲ್ಲ.

ಒಂಟೆಹೆಜ್ಜೆ:

ಚರ್ಚೆ ಚೆನ್ನಾಗಿದೆ, ಆದರೆ ನನಗೊಂದು ಆಕ್ಷೇಪವಿದೆ. ಇದು ಕಲ್ಪಿತ ಕತೆ. ಮಂತ್ರದಿಂದ ನೀರು ಬರುವ ಬಾವಿಯೊಂದನ್ನು ಬರೆದರೆ ನೀರುಗಂಟಿಯವರ ಲೆಕ್ಕವೆಲ್ಲ ಕೊಚ್ಚಿಹೋಗುತ್ತದೆ. ಎರಡನೆಯದಾಗಿ, ಗ್ರೀಕರೂ ರೋಮನ್ನರೂ ಹೇಳಿದ ನಬಾತಿಯರ ಸುತ್ತ ಎಷ್ಟು ಹೊತ್ತು ಸುತ್ತುವುದು? ನಮ್ಮ ದೇಶದಲ್ಲಿಯೇ ಥಾರ್ ಇದೆ. ರಾವಲ್ ಜೈಸಲ್ 1156ರಲ್ಲಿ ಕಟ್ಟಿದ ಜೈಸಲ್ಮೇರ್ ಕೋಟೆಯಲ್ಲಿ ಇಂದಿಗೂ ಜನ ವಾಸವಾಗಿದ್ದಾರೆ.

ಅಲ್ಲಿನ ಜನರು ನೀರನ್ನು ಮೂರು ಬಗೆಯಾಗಿ ಕಾಣುತ್ತಾರೆ: ನೆಲದ ಮೇಲೆ ಹರಿಯುವ ಮಳೆನೀರು, ಆಳದ ಉಪ್ಪುನೀರು, ಇವೆರಡರ ನಡುವೆ ಮರಳಿನಲ್ಲಿ ತೇವವಾಗಿ ನಿಂತ ಸಿಹಿನೀರು. ಮರಳಿನ ಕೆಳಗೆ ಜಿಪ್ಸಮ್ಮಿನ ಪದರವಿದ್ದ ಕಡೆ ಈ ತೇವ ಕೆಳಗಿನ ಉಪ್ಪುನೀರಿಗೆ ಸೇರದೆ ಉಳಿಯುತ್ತದೆ. ಆ ಪದರದವರೆಗೆ ಮಾತ್ರ ಒಬ್ಬ ಮನುಷ್ಯ ಕುಳಿತು ಅಗೆಯುವಷ್ಟು ಕಿರಿದಾದ ಕುಂಯಿ ಎಂಬ ಬಾವಿಯನ್ನು ತೋಡುತ್ತಾರೆ. ಅದರಲ್ಲಿ ನೀರು ಹನಿಹನಿಯಾಗಿ ಸೇರುತ್ತದೆ, ದಿನಕ್ಕೆ ಕೆಲವೇ ಕೊಡ. ಇನ್ನು ಪಾಲೀವಾಲ ಬ್ರಾಹ್ಮಣರು ಖಡೀನ್ ಕಟ್ಟಿ, ಎಂದರೆ ತಗ್ಗಿನಲ್ಲಿ ಒಡ್ಡು ಹಾಕಿ ಬೆಟ್ಟದ ನೀರನ್ನು ಹೊಲದಲ್ಲಿಯೇ ನಿಲ್ಲಿಸಿ, ಅದು ಇಂಗಿದ ತೇವದಲ್ಲಿ ಗೋಧಿ ಬೆಳೆದರು. ಹತ್ತೊಂಬತ್ತನೆಯ ಶತಮಾನದಲ್ಲಿ ಅವರ ಕುಲಧರಾ ಊರು ಬರಿದಾಯಿತು. ದಿವಾನ ಸಾಲಿಮ್ ಸಿಂಗನ ಕಾಟಕ್ಕೆ ಬೇಸತ್ತು ಒಂದೇ ರಾತ್ರಿ ಎಲ್ಲರೂ ಶಾಪ ಹಾಕಿ ಹೊರಟುಹೋದರೆಂಬುದು ಜನಪದರ ಕತೆ. ಜೈಸಲ್ಮೇರಿನ ವ್ಯಾಪಾರವನ್ನು ಕುಗ್ಗಿಸಿದ್ದು ಯುದ್ಧವಲ್ಲ, ಮುಂಬಯಿ ಬಂದರು.

ನೀರುಗಂಟಿ:

ಒಂಟೆಹೆಜ್ಜೆಯವರು ಆಕ್ಷೇಪವೆಂದು ಆರಂಭಿಸಿ ನನ್ನ ವಾದಕ್ಕೇ ಎರಡು ಕಂಬ ಕೊಟ್ಟಿದ್ದಾರೆ, ಧನ್ಯವಾದಗಳು. ಖಡೀನಿನ ಅಣ್ಣನೋ ತಮ್ಮನೋ ನೆಗೆವ್ ಮರುಭೂಮಿಯಲ್ಲಿಯೂ ಇದ್ದಾನೆ. ವರ್ಷಕ್ಕೆ ಸುಮಾರು 100 ಮಿಲಿಮೀಟರ್ ಮಾತ್ರ ಮಳೆ ಬೀಳುವ ಅವ್ದಾತ್ ಸುತ್ತಮುತ್ತ ಒಂದು ಎಕರೆ ಹೊಲಕ್ಕೆ 20ರಿಂದ 30 ಎಕರೆ ಗುಡ್ಡದ ನೀರನ್ನು ತಿರುಗಿಸುತ್ತಿದ್ದರು. ಎಂದರೆ ಒಬ್ಬನ ಹೊಲದ ಹಕ್ಕು ಗುಡ್ಡದ ಹಕ್ಕೂ ಆಗಿರುತ್ತದೆ. ನಿಮ್ಮ ನಾಡಿನ ಜಗಳಗಳೆಲ್ಲ ಬದುವಿನ ಬಳಿ ಹುಟ್ಟುವುದಿಲ್ಲ, ಎರಡು ಮೈಲಿ ದೂರದ ಬೋಳುಗುಡ್ಡದ ಮೇಲೆ ಯಾರೋ ಒಂದು ಕಲ್ಲನ್ನು ಸರಿಸಿದಾಗ ಹುಟ್ಟುತ್ತವೆ.

ಮಂತ್ರದ ಬಾವಿಯ ಬಗ್ಗೆ ಹೇಳುವುದಾದರೆ, ಮಂತ್ರವಿದ್ದರೂ ಪ್ರಶ್ನೆ ಉಳಿದೇ ಇರುತ್ತದೆ. ಆ ಮಂತ್ರ ಯಾರಿಗೆ ಗೊತ್ತು? ಅವನ ಮಗಳಿಗೆ ಹೇಳಿಕೊಡುತ್ತಾನೆಯೇ, ಅಳಿಯನಿಗೋ? ಅವನು ಮುನಿಸಿಕೊಂಡರೆ ಅರಸನು ಏನು ಮಾಡುತ್ತಾನೆ? ನಮ್ಮ ಕೆರೆಯ ಊರುಗಳಲ್ಲಿ ನೀರುಗಂಟಿಗೆ ಊರೇ ಒಂದು ಪಾಲು ಧಾನ್ಯ ಕೊಟ್ಟು ಸಾಕುತ್ತಿದ್ದದ್ದು ಸುಮ್ಮನೆ ಅಲ್ಲ. ತೂಬು ಎತ್ತುವ ಕೈಯನ್ನು ಹಸಿವಿನಲ್ಲಿ ಇಡಬಾರದೆಂಬ ಎಚ್ಚರ ಅದರಲ್ಲಿತ್ತು.

ಇನ್ನೊಂದು ರಾಜ್ಯದ ಮಾತು ಹೇಳಬೇಕು, ಕತೆಗೆ ನಬಾತಿಯರಿಗಿಂತ ಇದೇ ಹೆಚ್ಚು ಒದಗೀತು. ಇಂದಿನ ಲಿಬಿಯದ ಫೆಜ್ಜಾನಿನಲ್ಲಿ, ಸಹಾರಾದ ಒಡಲೊಳಗೆ, ಗರಮಾಂತರೆಂಬ ಜನರ ರಾಜ್ಯವಿತ್ತು, ಗರಮಾ ಅವರ ರಾಜಧಾನಿ. ಅವರಲ್ಲಿ ಮಳೆಯ ಆಸೆಯೇ ಇರಲಿಲ್ಲ. ಸಾವಿರಾರು ವರ್ಷಗಳ ಹಿಂದೆ ಸಹಾರಾ ಹಸಿರಾಗಿದ್ದಾಗ ಸುರಿದ ಮಳೆ ಬೆಟ್ಟದ ಬುಡದಲ್ಲಿ ನೆಲದೊಳಗೆ ನಿಂತಿತ್ತು. ಅಲ್ಲಿಂದ ಕಣಿವೆಯ ಹೊಲಗಳವರೆಗೆ ಸಣ್ಣ ಇಳಿಜಾರು ಕೊಟ್ಟು ನೆಲದಡಿಯಲ್ಲಿ ಸುರಂಗಗಳನ್ನು ತೋಡಿದರು. ಅವುಗಳಿಗೆ ಫೊಗ್ಗರಾ ಎಂದು ಹೆಸರು. ಎತ್ತಬೇಕಾಗಿಲ್ಲ, ಸೇದಬೇಕಾಗಿಲ್ಲ, ನೀರು ತಾನಾಗಿ ಇಳಿದು ಬರುತ್ತದೆ. ಇದು ನಮಗೆ ದೂರದ ಮಾತಲ್ಲ. ಬೀದರಿನ ನೌಬಾದ್‌ನಲ್ಲಿ ಬಹಮನಿಗಳ ಕಾಲದ ಕರೇಜ್ ಇದೇ ತತ್ತ್ವದ್ದು, ನೆಲದ ಮೇಲೆ ಸಾಲಾಗಿ ಕಾಣುವ ಗಾಳಿಬಾವಿಗಳನ್ನು ಈಗಲೂ ಹೋಗಿ ನೋಡಬಹುದು. ಅತ್ತ ಕಾಸರಗೋಡು, ದಕ್ಷಿಣ ಕನ್ನಡಗಳ ಗುಡ್ಡಗಳಲ್ಲಿ ಅಡ್ಡಲಾಗಿ ಕೊರೆದ ಸುರಂಗಗಳಿಂದ ಅಡಿಕೆ ತೋಟಕ್ಕೆ ನೀರು ತರುವವರು ಇನ್ನೂ ಇದ್ದಾರೆ.

ವ್ಯತ್ಯಾಸ ಒಂದೇ. ಮಲೆನಾಡಿನ ಸೆರಗಿನ ಸುರಂಗಕ್ಕೆ ಪ್ರತಿ ವರ್ಷ ಮಳೆ ಮರುಪೂರಣ ಮಾಡುತ್ತದೆ, ಗರಮಾಂತರದಕ್ಕೆ ಯಾರೂ ಮಾಡುತ್ತಿರಲಿಲ್ಲ. ನೂರಾರು ಫೊಗ್ಗರಾಗಳು ಶತಮಾನಗಳ ಕಾಲ ಹರಿದವು, ಜಲಮಟ್ಟ ಇಳಿಯುತ್ತ ಹೋಯಿತು, ಸುರಂಗವನ್ನು ಇನ್ನಷ್ಟು ಆಳಕ್ಕೆ ಇಳಿಸುತ್ತ ಹೋದರು. ಆ ರಾಜ್ಯ ಕುಂದಿದ್ದಕ್ಕೆ ಇದೊಂದು ಮುಖ್ಯ ಕಾರಣ. ಉಸುಬನಾಡಿನ ಅರಸನ ಮುಂದೆ ಒಬ್ಬ ಮುದುಕ ಬಂದು, ಈ ವರ್ಷ ಸುರಂಗದಲ್ಲಿ ನೀರು ನನ್ನ ಮೊಣಕಾಲಿಗೆ ಬರುತ್ತಿಲ್ಲ, ಪಾದಕ್ಕೆ ಬರುತ್ತಿದೆ ಎಂದು ಹೇಳುವ ದೃಶ್ಯವನ್ನು ನೀವು ಬರೆಯಬೇಕು.

ಕುರುಂಜಿಗಾಳಿ:

ಆ ಮುದುಕನು ಯಾರು ಎಂಬುದೇ ನನ್ನ ಪ್ರಶ್ನೆ. ನೆಲದಡಿಯ ಮಣ್ಣು ಕುಸಿಯುವ ಕತ್ತಲೆಯಲ್ಲಿ ಅಷ್ಟೊಂದು ಸುರಂಗಗಳನ್ನು ಕೊರೆದವರೆಲ್ಲ ತಮ್ಮ ಇಚ್ಛೆಯಿಂದ ಕೊರೆದರೇ? ಗರಮಾಂತರು ನಾಲ್ಕು ಕುದುರೆಗಳ ರಥಗಳಲ್ಲಿ ಗುಹಾವಾಸಿಗಳಾದ ನೆರೆಯ ಜನರನ್ನು ಬೇಟೆಯಾಡುತ್ತಿದ್ದರೆಂದು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ಮರಳುಗಾಡಿನ ಕತೆ ಬರೆಯುವವರು ಒಂಟೆಗಳ ಸಾಲನ್ನೂ ನಕ್ಷತ್ರಗಳನ್ನೂ ಚೆಲುವಾಗಿ ಬರೆಯುತ್ತಾರೆ, ಈ ದುಡಿಮೆಯನ್ನು ಮಾತ್ರ ಮರಳಿನಲ್ಲಿ ಹೂತುಬಿಡುತ್ತಾರೆ.

ಇಬ್ನ್ ಬತೂತಾ 1352ರಲ್ಲಿ ಸಹಾರಾದ ತಗಾಜಾವನ್ನು ಹಾದುಹೋದನು. ಅದು ಉಪ್ಪಿನ ಗಣಿಯ ಊರು. ಅಲ್ಲಿ ಒಂದು ಮರವಿಲ್ಲ, ಮನೆಗಳೂ ಮಸೀದಿಯೂ ಉಪ್ಪಿನ ಗಟ್ಟಿಗಳಿಂದಲೇ ಕಟ್ಟಿದವು, ಮಾಡಿಗೆ ಒಂಟೆಯ ಚರ್ಮ. ವಾಸವಾಗಿದ್ದವರು ಉಪ್ಪು ಅಗೆಯುವ ಮಸೂಫಾ ಜನರ ಗುಲಾಮರು ಮಾತ್ರ; ಅವರ ಖರ್ಜೂರವೂ ಧಾನ್ಯವೂ ದೂರದಿಂದ ಒಂಟೆಯ ಬೆನ್ನ ಮೇಲೆ ಬರಬೇಕು. ಆ ಉಪ್ಪು ದಕ್ಷಿಣಕ್ಕೆ ಹೋಗಿ ಮಾಲಿ ಸಾಮ್ರಾಜ್ಯದಲ್ಲಿ ಹಣದಂತೆಯೇ ಚಲಾವಣೆಯಾಗುತ್ತಿತ್ತು. ಬಂಗಾರದ ಗೋಪುರದ ಬದಲು ಉಪ್ಪಿನ ಗೋಡೆಯನ್ನು ಬರೆದರೆ ಹೇಗಿರುತ್ತದೆ ಎಂದು ಯೋಚಿಸಿ.

ಇದೇ ಕಾರಣಕ್ಕೆ ಒಂದು ರಾಜ್ಯಕ್ಕೆ ಒಂದೇ ಸಂಸ್ಕೃತಿ ಎಂಬ ಕರಡಿನ ಧೋರಣೆಯನ್ನೂ ನಾನು ಒಪ್ಪುವುದಿಲ್ಲ. ಓಯಸಿಸ್ಸಿನ ತೋಟದವನು, ಒಂಟೆ ಸಾಕುವವನು, ಗಣಿಯಲ್ಲಿ ಅಗೆಯುವವನು, ಸಂತೆಗೆ ಬಂದು ನೆಲೆನಿಂತ ಪರದೇಶಿ, ಇವರೆಲ್ಲರೂ ಒಂದೇ ಊಟ, ಒಂದೇ ಉಡುಪು, ಒಂದೇ ಮದುವೆಯ ಕ್ರಮ ಉಳ್ಳವರಾಗಿರಲಾರರು. ಸಹಾರಾದ ತುಆರೆಗ್ ಜನರಲ್ಲಿ ಮುಖ ಮುಚ್ಚಿಕೊಳ್ಳುವವರು ಗಂಡಸರು, ಹೆಂಗಸರಲ್ಲ. ಪಕ್ಕದ ಓಯಸಿಸ್ಸಿನವನ ಕಣ್ಣಿಗೆ ಇದು ಹೇಗೆ ಕಂಡಿರಬೇಕು ಎಂಬಲ್ಲಿಯೇ ಒಂದು ಅಧ್ಯಾಯವಿದೆ.

ಹಳೆನಾಣ್ಯ:

ಇಷ್ಟು ಹೊತ್ತು ಓದುತ್ತಿದ್ದೆ, ಕೊನೆಯ ಮಹಾಯುದ್ಧದ ಬಗ್ಗೆ ಯಾರೂ ಮಾತನಾಡದ ಕಾರಣ ಈಗ ಬರೆಯುತ್ತಿದ್ದೇನೆ. ನಬಾತಿಯ ನಾಣ್ಯಗಳಲ್ಲಿ ಅರಸನ ಜೊತೆಗೆ ರಾಣಿಯ ಮುಖವೂ ಅಚ್ಚಾಗಿರುತ್ತದೆ. ಕ್ರಿ.ಪೂ. 9ರಿಂದ ಕ್ರಿ.ಶ. 40ರವರೆಗೆ ಆಳಿದ ನಾಲ್ಕನೆಯ ಅರೆತಾಸನ ನಾಣ್ಯಗಳಲ್ಲಿ ಮೊದಲು ಹುಲ್ದು, ಆಮೇಲೆ ಶಕೀಲತ್ ಕಾಣಿಸಿಕೊಳ್ಳುತ್ತಾರೆ. ಅವನ ಬಿರುದು 'ತನ್ನ ಜನರನ್ನು ಪ್ರೀತಿಸುವವನು'. ಆ ಹೊತ್ತಿನ ನೆರೆಹೊರೆಯ ಅರಸರು ರೋಮನ್ನರ ಗೆಳೆಯ, ಸೀಸರನ ಗೆಳೆಯ ಎಂದೆಲ್ಲ ಬಿರುದು ಧರಿಸುತ್ತಿದ್ದಾಗ ಇವನು ಹೀಗೆ ಬರೆಸಿಕೊಂಡದ್ದರಲ್ಲಿ ಸಣ್ಣ ಕುಟುಕು ಇದೆಯೆಂದು ನನ್ನ ಅನಿಸಿಕೆ.

ಕೊನೆಯ ಅರಸ ಎರಡನೆಯ ರಬ್ಬೆಲ್. ಅವನ ಕಾಲಕ್ಕೆ ಮಾರುತವನ್ನು ಹಿಡಿದು ಕೆಂಪು ಸಮುದ್ರದಿಂದ ನೇರವಾಗಿ ನಮ್ಮ ಪಶ್ಚಿಮ ಕರಾವಳಿಗೆ ಬರುವ ಹಡಗುಗಳು ಹೆಚ್ಚಿದ್ದವು. ಧೂಪವೂ ಮೆಣಸೂ ಈಜಿಪ್ಟಿನ ಬಂದರುಗಳಲ್ಲಿ ಇಳಿಯುತ್ತಿದ್ದವು. ಒಂಟೆಯ ದಾರಿ ಒಮ್ಮೆಗೇ ಸಾಯಲಿಲ್ಲ, ಆದರೆ ಅದೊಂದೇ ದಾರಿಯೆಂಬ ಹೆಮ್ಮೆ ಹೋಯಿತು. ರಾಜ್ಯದ ತೂಕ ಪೆಟ್ರಾದಿಂದ ಉತ್ತರದ ಬೊಸ್ತ್ರಾದ ಕಡೆಗೆ, ವ್ಯಾಪಾರದಿಂದ ಬೇಸಾಯದ ಕಡೆಗೆ ವಾಲಿತ್ತು. ಕ್ರಿ.ಶ. 106ರಲ್ಲಿ ಸಿರಿಯದ ಅಧಿಪತಿ ಕಾರ್ನೇಲಿಯಸ್ ಪಾಲ್ಮಾನು ಆ ರಾಜ್ಯವನ್ನು ಟ್ರಾಜನ್ ಚಕ್ರವರ್ತಿಯ ಹೆಸರಿನಲ್ಲಿ ಸೇರಿಸಿಕೊಂಡನು. ದೊಡ್ಡ ಕದನವೊಂದು ನಡೆದ ವರದಿಯಿಲ್ಲ. ಟ್ರಾಜನ್ ಹೊರಡಿಸಿದ ನಾಣ್ಯದ ಮೇಲೆ ಅರೇಬಿಯವನ್ನು 'ಗೆದ್ದೆವು' ಎಂದಿಲ್ಲ, 'ಪಡೆದುಕೊಂಡೆವು' ಎಂದಿದೆ. ನಿಮ್ಮ ಮಹಾಯುದ್ಧಕ್ಕಿಂತ ಆ ಒಂದು ಪದ ನನ್ನನ್ನು ಹೆಚ್ಚು ಕಾಡುತ್ತದೆ. ಒಂದು ಬೆಳಿಗ್ಗೆ ಸಂತೆಗೆ ಹೋದವನ ಕೈಗೆ ಚಿಲ್ಲರೆಯಾಗಿ ಬಂದ ನಾಣ್ಯದಲ್ಲಿ ಬೇರೆ ಅರಸನ ಮುಖವಿತ್ತು, ಅಷ್ಟರಿಂದಲೇ ರಾಜ್ಯ ಹೋದದ್ದು ಅವನಿಗೆ ತಿಳಿಯಿತು. ಹೀಗೂ ಬರೆಯಬಹುದಲ್ಲವೇ?

ಬೆಂಗಾಡು:

ಒಂದು ವಾರ ಬಿಟ್ಟು ಬರುತ್ತಿದ್ದೇನೆ. ಹಳೆಯ ಕರಡನ್ನು ಪೂರ್ತಿಯಾಗಿ ಬದಿಗಿಟ್ಟೆ. ಹೊಸ ಚರಿತ್ರೆ ಹೀಗೆ ಸಾಗುತ್ತದೆ.

ಉಸುಬನಾಡು ಮೊದಲು ನಾಡೇ ಅಲ್ಲ, ಎಂಟು ಬಳಿಗಳ, ಎಂದರೆ ಕುಲಗಳ, ಒಂಟೆಗಾರರು ಒಪ್ಪಿಕೊಂಡ ಒಂದು ಆಣೆ. ಮುಚ್ಚುಬಾವಿಗಳ ಗುರುತನ್ನು ಪರರಿಗೆ ಹೇಳಬಾರದು, ನೆಲಕ್ಕೆ ಗೂಟಕ್ಕಿಂತ ಆಳವಾದುದನ್ನು ಊರಬಾರದು ಎಂಬುದು ಆ ಆಣೆ. ದಕ್ಷಿಣದ ಬೆಟ್ಟದಿಂದ ಬರುವ ನೀಲಿ ಬಣ್ಣದ ಕಲ್ಲುಪ್ಪನ್ನು ಉತ್ತರದವರು ಹೆಣ ಕೆಡದಂತೆ ಇಡಲು ಬಳಸುತ್ತಾರೆ. ಅದರ ಸಾಗಾಟವೇ ಇವರ ಬದುಕು. ಮೂರು ತಲೆಮಾರುಗಳ ಬಳಿಕ ಬಾಣಂತಿಯಾದ ಹೆಂಡತಿ ಪ್ರಯಾಣ ಮಾಡಲಾರಳೆಂದು ಒಬ್ಬನು ನಾಲ್ಕು ಗೋಡೆ ಎಬ್ಬಿಸುತ್ತಾನೆ. ಹಿರಿಯರು ಅವನನ್ನು ಕೊಲ್ಲುವುದಿಲ್ಲ, ಅವನ ಕುಲದ ಬಾವಿಗಳ ಗುರುತನ್ನು ಮಾತ್ರ ಬದಲಾಯಿಸಿ ಹೋಗುತ್ತಾರೆ. ಅವನು ಬದುಕಿ ಉಳಿಯುವುದು ಸುರಂಗ ಕೊರೆಯಬಲ್ಲ ಬೇರೆ ನುಡಿಯ ಸೆರೆಯಾಳುಗಳಿಂದ. ಆ ಗೋಡೆಗಳ ಸುತ್ತ ಪಟ್ಟಣ ಬೆಳೆದು, ಅವನ ವಂಶದವರು ಅರಸರಾಗುತ್ತಾರೆ. ಅರಸರು ಔತಣದಲ್ಲಿ ಇಂದಿಗೂ ಎದ್ದು ನಿಂತೇ ಉಣ್ಣುತ್ತಾರೆ, ಕುಳಿತು ಉಣ್ಣುವುದು ಆಣೆಗೆ ದ್ರೋಹವೆಂಬ ಹಳೆಯ ಅಂಜಿಕೆಯಿಂದ. ಸುರಂಗದವರ ದೇವತೆಗೆ ಕಣ್ಣಿಲ್ಲ, ಒಂಟೆಗಾರರ ದೇವರಿಗೆ ಕಣ್ಣಲ್ಲದೆ ಬೇರೇನೂ ಇಲ್ಲ. ಕೊನೆಗೆ ಉತ್ತರದವರು ಹೆಣವನ್ನು ಸುಡುವ ಪದ್ಧತಿಗೆ ಬದಲಾಗುತ್ತಾರೆ, ನೀಲಿ ಉಪ್ಪನ್ನು ಕೇಳುವವರಿಲ್ಲ. ಅದೇ ಹೊತ್ತಿಗೆ ಸುರಂಗದ ನೀರು ಪಾದಕ್ಕೆ ಇಳಿದಿರುತ್ತದೆ. ಸಾಮ್ರಾಜ್ಯದ ಸೇನೆ ಬಂದಾಗ ಬಾಗಿಲು ತೆರೆದೇ ಇರುತ್ತದೆ.

ಕಲ್ಲೋದುಗ:

ಇದು ಬೇರೆಯೇ ಕತೆಯಾಗಿದೆ, ನಿಂತು ಉಣ್ಣುವ ಅರಸ ನನಗೆ ತುಂಬ ಹಿಡಿಸಿದ. ಆದರೂ ಒಂದು ಮಾತು ಕೇಳಬೇಕು: ಇದನ್ನೆಲ್ಲ ಬರೆದಿಟ್ಟವರು ಯಾರು? ನಬಾತಿಯರು ಬರೆದ ಚರಿತ್ರೆಯ ಗ್ರಂಥವೊಂದೂ ನಮ್ಮ ಕೈಗೆ ಬಂದಿಲ್ಲ. ಮೇಲೆ ನಾವೆಲ್ಲ ಉದ್ಧರಿಸಿದವರು ಹೊರಗಿನವರು, ಕೆಲವೊಮ್ಮೆ ಹಗೆಗಳು. ಕ್ರಿ.ಪೂ. 26ರ ಸುಮಾರಿಗೆ ಈಲಿಯಸ್ ಗ್ಯಾಲಸನ ರೋಮನ್ ಪಡೆ ದಕ್ಷಿಣ ಅರೇಬಿಯಕ್ಕೆ ಹೋಗಿ ಹಸಿವು ಕಾಯಿಲೆಗಳಿಂದ ಹಣ್ಣಾಗಿ ಮರಳಿದಾಗ, ದಾರಿ ತೋರಿಸಿದ ನಬಾತಿಯ ಮಂತ್ರಿ ಸಿಲ್ಲಾಯಸನೇ ಮೋಸ ಮಾಡಿದನೆಂದು ಸ್ಟ್ರಾಬೊ ಬರೆದನು. ಸ್ಟ್ರಾಬೊ ಗ್ಯಾಲಸನ ಆಪ್ತ ಗೆಳೆಯ ಎಂಬುದನ್ನು ನೆನಪಿನಲ್ಲಿಟ್ಟು ಅದನ್ನು ಓದಬೇಕು. ಗರಮಾಂತರ ಎತ್ತುಗಳ ಕೊಂಬು ಮುಂದಕ್ಕೆ ಬಾಗಿರುವುದರಿಂದ ಅವು ಹಿಂದಕ್ಕೆ ನಡೆಯುತ್ತ ಮೇಯುತ್ತವೆ ಎಂದು ಹೆರೊಡೋಟಸ್ ಗಂಭೀರವಾಗಿಯೇ ಬರೆದಿದ್ದಾನೆ. ಉಸುಬನಾಡಿನ ಬಗ್ಗೆಯೂ ಪರನಾಡಿನವನೊಬ್ಬ ಇಂಥದೊಂದನ್ನು ನಂಬಿರಬೇಕು.

ಅವರೇ ಬರೆಸಿಕೊಂಡದ್ದು ಬೇಕೆಂದರೆ ಗೋರಿಗಳ ಬಳಿಗೆ ಹೋಗಬೇಕು. ಇಂದಿನ ಸೌದಿ ಅರೇಬಿಯದ ಹೆಗ್ರಾದಲ್ಲಿ ಬಂಡೆಗೋರಿಗಳ ಬಾಗಿಲ ಮೇಲೆ ಶಾಸನಗಳಿವೆ, ಅವು ಆಸ್ತಿಪತ್ರಗಳೇ. ಒಂದರಲ್ಲಿ ಕಂಕಂ ಎಂಬ ಹೆಂಗಸು ತನ್ನನ್ನು ತಾಯಿಯ ಹೆಸರಿನಿಂದಲೂ ತಾಯಿಯ ತಾಯಿಯ ಹೆಸರಿನಿಂದಲೂ ಗುರುತಿಸಿಕೊಂಡು, ತನಗೂ ತನ್ನ ಮಗಳಿಗೂ ಈ ಗೋರಿಯನ್ನು ಮಾಡಿಸಿದೆನೆಂದು ಅರೆತಾಸನ ಒಂಬತ್ತನೆಯ ವರ್ಷದಲ್ಲಿ ಬರೆಸಿದ್ದಾಳೆ. ಇದನ್ನು ಮಾರಿದವನಿಗೆ, ಒತ್ತೆ ಇಟ್ಟವನಿಗೆ, ಬೇರೆಯವರನ್ನು ಹೂಳಿದವನಿಗೆ ದುಶರಾ ಮತ್ತು ಮನಾತರ ಶಾಪ, ಮೇಲೆ ದಂಡ. ನಮ್ಮ ದಾನಶಾಸನಗಳ ಕೊನೆಯಲ್ಲಿ ವಾರಣಾಸಿಯಲ್ಲಿ ಕವಿಲೆಯಂ ಕೊಂದ ಪಾಪವನ್ನು ಓದಿ ಬೆಳೆದ ನನಗೆ ಆ ಧ್ವನಿ ಕೂಡಲೇ ಗುರುತಾಯಿತು. ಆದರೆ ಶಾಪದ ಜೊತೆಗೆ ನಾಣ್ಯದ ಲೆಕ್ಕವನ್ನೂ ಬರೆಸಿದ್ದು ವ್ಯಾಪಾರಿಗಳ ಜಾಣತನ. ಹೇಳುವುದು ಮರೆತೆ: ಆ ಗೋರಿಗಳ ಲಿಪಿ ಬರಬರುತ್ತ ದುಂಡಗಾಗಿ ಕೂಡಿಕೊಂಡು ಅರಬ್ಬೀ ಲಿಪಿಯಾಯಿತು. ರಾಜ್ಯ ಹೋಗಿ ಎರಡು ಶತಮಾನಗಳ ಮೇಲೆ, 328ರ ನಮಾರಾ ಶಾಸನದಲ್ಲಿ, ನುಡಿ ಅರಬ್ಬೀ, ಅಕ್ಷರ ನಬಾತಿ.

ಬೆಂಗಾಡು:

ಹಾಗಾದರೆ ಅರಸರ ವಂಶಾವಳಿಯಿಂದ ಆರಂಭಿಸುವುದಿಲ್ಲ. ಮೊದಲ ಪುಟದಲ್ಲಿ ಒಂದು ಶಾಸನವನ್ನು ಇಡುತ್ತೇನೆ, ಸುರಂಗದವಳದು. ಸದ್ಯಕ್ಕೆ ಹೀಗಿದೆ: 'ಇದು ಕತ್ತಲೆಯಲ್ಲಿ ಹುಟ್ಟಿದವಳ ಮಗಳ ಮಗಳು ತನಗೂ ತನ್ನ ಹೆಣ್ಣುಮಕ್ಕಳಿಗೂ ಕೊರೆಯಿಸಿದ ಮನೆ. ಇದರ ಬಾಗಿಲನ್ನು ಪರರಿಗೆ ತೆರೆದವನು ಕಣ್ಣಿಲ್ಲದ ತಾಯಿಗೆ ನೂರು ಹೊನ್ನು ತೆರಲಿ, ಅರಸನಿಗೆ ನೂರು ಹೊನ್ನು ತೆರಲಿ.'

ನೀರುಗಂಟಿ:

ಶಾಸನ ಚೆನ್ನಾಗಿದೆ, ಲಾಯದ ನಲವತ್ತು ಕುದುರೆಗಳ 1,200 ಲೀಟರನ್ನೂ ಈ ಬಾರಿ ನಾನು ಮನ್ನಾ ಮಾಡಿದ್ದೇನೆ. ದಂಡವನ್ನು ಮಾತ್ರ ಬದಲಾಯಿಸಿ. ಸುರಂಗದವಳಿಗೆ ಹೊನ್ನಿನಿಂದ ಏನಾಗಬೇಕು? ತೂತಿನ ಬಟ್ಟಲನ್ನು ನೀರಿನ ಮೇಲೆ ಬಿಟ್ಟು, ಅದು ಮುಳುಗುವಷ್ಟು ಹೊತ್ತನ್ನು ಒಂದು ಸರದಿಯೆಂದು ಎಣಿಸುವ ಕ್ರಮ ಇಂಥ ಊರುಗಳಲ್ಲಿ ಉಂಟು, ನಮ್ಮ ಹಳೆಯ ಗಳಿಗೆ ಬಟ್ಟಲೂ ಅದೇ. ಬಾಗಿಲು ತೆರೆದವನು ಕಣ್ಣಿಲ್ಲದ ತಾಯಿಗೆ ನೂರು ಬಟ್ಟಲು, ಅರಸನಿಗೆ ಒಂದು ಬಟ್ಟಲು ತೆರಲಿ ಎಂದು ಬರೆಯಿರಿ.